‘ಅನ್ನು’ ಮೇಲೆ, ‘ಇಂದ’ ಕೆಳಗೆ

ಅತ್ತಿಗೆ ಹೆಬ್ಬಾಳದ ಒಂದು ಕನ್ನಡಕದ ಗಾಜಿನ ಕಾರ್ಖಾನೆಯಲ್ಲಿ ಆರು ವರ್ಷ ನಿಂತೇ ಕೆಲಸ ಮಾಡಿದ್ದರು. ಪ್ಯಾಕಿಂಗ್ ವಿಭಾಗದಲ್ಲಿ ಕುರ್ಚಿ ಇರಲಿಲ್ಲ. ಗಾಜು ಪರೀಕ್ಷಿಸುವ ವಿಭಾಗದಲ್ಲಿ ಇತ್ತು. ಅಲ್ಲಿಗೆ ಹೋಗಲು ಒಂದು ಲಿಖಿತ ಪರೀಕ್ಷೆ ಪಾಸಾಗಬೇಕು. ಹಿಂದಿನ ವರ್ಷ ಒಂದೇ ಲೆಕ್ಕದಲ್ಲಿ ಕೈತಪ್ಪಿತ್ತು. ಈ ಸಲವೂ ಹೋದರೆ ಮತ್ತೆ ಅವಕಾಶವಿಲ್ಲ.

ಲೆಕ್ಕ ಇಷ್ಟೇ. ಬೆಳಕು ನಿರ್ವಾತದಲ್ಲಿ, ಅಂದರೆ ಗಾಳಿಯೂ ಇಲ್ಲದ ಖಾಲಿಯಲ್ಲಿ, ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ಗಾಜಿನೊಳಗೆ ಎರಡು ಲಕ್ಷ. ಗಾಜು ಬೆಳಕನ್ನು ಎಷ್ಟು ಪಟ್ಟು ನಿಧಾನ ಮಾಡುತ್ತದೆ ಎಂಬ ಅಳತೆ, ಅದರ ವಕ್ರೀಭವನ ಸೂಚ್ಯಂಕ, ಎಷ್ಟು? ಒಂದನ್ನು ಇನ್ನೊಂದರಿಂದ ಭಾಗಿಸಬೇಕು. ಯಾವುದನ್ನು, ಯಾವುದರಿಂದ? ಅತ್ತಿಗೆ ಎಡವುತ್ತಿದ್ದುದು ಅಲ್ಲೇ.

ನಾನು ಬಿ.ಎಸ್ಸಿ. ಓದಿದ ಮೈದುನ. ಪರೀಕ್ಷೆಯ ಹಿಂದಿನ ಸಂಜೆ ಬನ್ನಿಮಂಟಪದ ಮನೆಯ ಅಡುಗೆಕೋಣೆಯಲ್ಲಿ ಪಾಠಕ್ಕೆ ಕೂತೆ. ಪಕ್ಕದಲ್ಲಿ ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಇದನ್ನು ಬರೆದ ಮೇಲೆ ನನಗೇ ಅನುಮಾನ: ಪರೀಕ್ಷೆ ನಡೆದದ್ದು ಆಷಾಢದಲ್ಲಿ, ಆಗ ಅವರೆಕಾಯಿ ಎಲ್ಲಿಂದ ಬರಬೇಕು? ಬೇರೆ ಯಾವುದೋ ಸಂಜೆಯ ಬುಟ್ಟಿ ಇಲ್ಲಿಗೆ ಬಂದು ಕೂತಿದೆ. ಇರಲಿ. ಅಮ್ಮನ ಕೈ ಸುಮ್ಮನಿರಲಿಲ್ಲ ಎಂಬುದಷ್ಟೇ ಖಂಡಿತ.

ನಿರ್ವಾತದ ವೇಗವನ್ನು ಗಾಜಿನ ವೇಗದಿಂದ ಭಾಗಿಸಿ, ಎಂದೆ. ಸ್ವಲ್ಪ ಹೊತ್ತಿಗೆ ನಾನೇ, ಗಾಜಿನ ವೇಗದಿಂದ ನಿರ್ವಾತದ ವೇಗವನ್ನು, ಎಂದೆನಂತೆ. ಎರಡೂ ಒಂದೇ. ಆದರೆ ಅತ್ತಿಗೆ ಕಿವಿಗೆ ಮೊದಲು ಬಿದ್ದದ್ದನ್ನು ಭಾಗಾಕಾರದ ಗೆರೆಯ ಮೇಲೆ ಬರೆಯುತ್ತಿದ್ದರು. ಉತ್ತರ ಒಮ್ಮೆ ಒಂದೂವರೆ, ಒಮ್ಮೆ ಸೊನ್ನೆ ಬಿಂದು ಆರು ಏಳು. ಒಂದಕ್ಕಿಂತ ಕಡಿಮೆ ಬಂದರೆ ಬೆಳಕು ಖಾಲಿಗಿಂತ ಗಾಜಿನಲ್ಲೇ ಜೋರಾಗಿ ಓಡಿದ ಹಾಗಾಯಿತು, ಎಂದೆ. ಹಾಗಾದರೆ ಸಿಟಿ ಬಸ್ಸು ಮಂಡಿ ಮೊಹಲ್ಲಾದ ಇಕ್ಕಟ್ಟಿನ ಒಳಗೇ ಜೋರಾಗಿ ಓಡಿದ ಹಾಗೆ, ಎಂದು ಅತ್ತಿಗೆ ನಕ್ಕರು. ನಕ್ಕು, ಮತ್ತೆ ತಲೆಕೆಳಗಾಗಿ ಬರೆದರು.

ಅಮ್ಮ ಜೀವನವೆಲ್ಲ ಮಕ್ಕಳಿಗೆ ಕನ್ನಡ ಕಲಿಸಿದವರು. ಬೆಳಕಿನ ವೇಗದ ಗೊಡವೆ ಅವರಿಗಿಲ್ಲ.

“ಅವನ ಮಾತು ಬುಡಮ್ಮ,” ಎಂದರು. “‘ಅನ್ನು’ ಅಂದ್ರೆ ಹೊರೆ, ‘ಇಂದ’ ಅಂದ್ರೆ ಹೊರೋನು. ಹೊರೆ ಯಾವಾಗ್ಲೂ ತಲೆ ಮೇಲೇ ಇರೋದು ಕಣಮ್ಮ.”

ಅತ್ತಿಗೆ ಬರೆದರು. ಒಂದೂವರೆ. ನಾನು ವಾಕ್ಯವನ್ನು ಹಿಂದುಮುಂದು ಮಾಡಿದೆ, ಗಾಜು ಬಿಟ್ಟು ನೀರು ಕೊಟ್ಟೆ, ವಜ್ರ ಕೊಟ್ಟೆ. ಹೊರೆ ತಲೆಯಿಂದ ಇಳಿಯಲಿಲ್ಲ.

ಅದು ತನ್ನ ಮಾತೇ ಅಲ್ಲ, ಸೊಸೆ ತಾನೇ ಕಂಡುಕೊಂಡದ್ದು, ತಾನು ಹೂಂ ಅಂದೆ ಅಷ್ಟೇ ಎಂದು ಅಮ್ಮ ಈಗ ಹೇಳುತ್ತಾರೆ. ಅಲ್ಲ, ಅತ್ತೆಯದೇ ಎಂದು ಅತ್ತಿಗೆ. ಹೇಳಿಕೊಟ್ಟವನು ನಾನಲ್ಲ ಎಂಬುದರಲ್ಲಿ ಮಾತ್ರ ಮೂವರ ನೆನಪೂ ಒಂದೇ.

ಮರುದಿನ ಪ್ರಶ್ನೆಪತ್ರಿಕೆಯಲ್ಲಿ ಗಾಜಿನ ವೇಗವನ್ನೇ ಮೊದಲು ಕೊಟ್ಟಿದ್ದರಂತೆ. ಅತ್ತಿಗೆ ಅದನ್ನು ಕೆಳಗೆ ನಿಲ್ಲಿಸಿ ಹೊರೆ ಹೊರಿಸಿ ಬಂದರು. ಮುಂದಿನ ತಿಂಗಳು ಕುರ್ಚಿ ಸಿಕ್ಕಿತು.

ಕೆಲವು ದಿನಗಳ ಮೇಲೆ ನನ್ನ ಹಳೆಯ ಕನ್ನಡಕವನ್ನು ಕಾರ್ಖಾನೆಗೆ ಒಯ್ದು, ಯಂತ್ರಕ್ಕೆ ಇಟ್ಟು ನೋಡಿ ತಂದರು.

“ಒಂದೂವರೆ. ಸಾದಾ ಗಾಜು ಕಣೋ, ನಿನ್ನ ಬಿಎಸ್ಸಿ ಥರಾನೇ.”

ಹೇಳಿದ್ದು ಕೂತಲ್ಲಿಂದಲೇ. ಕನ್ನಡಕ ಕೊಡಲೂ ಏಳಲಿಲ್ಲ. ನಾನೇ ಹೋಗಿ ಇಸಿದುಕೊಂಡೆ.