ನೌಪಾಡಾಕ್ಕೆ ತಿರುಗದ ವಿಳಾಸ

ನೀವು ನಂಬಿದರೂ ಸರಿ, ಬಿಟ್ಟರೂ ಸರಿ... ಆ ರಾತ್ರಿ ತುರ್ಭೆಯ ಆ ಕೋಣೆಯಲ್ಲಿ ಕೂತಿದ್ದವನು ನಾನೇ. ಇದು ಯಾರೋ ಹೇಳಿ ಕೇಳಿದ್ದಲ್ಲ.

ಸ್ಮಾರ್ಟ್‌ಫೋನ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ಮೈಸೂರಿನಿಂದ ಬಂದು ಕಾಮೋಠೆಯಲ್ಲಿ ರೂಮು ಮಾಡಿದ್ದೆ. ತುರ್ಭೆಯಲ್ಲಿ, ವೆಬ್‌ಸೈಟುಗಳ ಸರ್ವರ್ ನೋಡಿಕೊಳ್ಳುವ ಸಣ್ಣ ಕಂಪನಿಯೊಂದರಲ್ಲಿ ನೈಟ್ ಶಿಫ್ಟ್. ಅವತ್ತು ನಾನೊಬ್ಬನೇ.

ನಮ್ಮ ಗ್ರಾಹಕರಾದ ಶೇಖರ್ ಶೆಟ್ಟರ ಫೋನು ಬಂತು. ಅವರ ಅಣ್ಣ ಕಟ್ಟಿದ ಹೋಟೆಲು ಉಲ್ಹಾಸನಗರದಲ್ಲಿತ್ತು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯೇ ನಡೆಸುತ್ತಿದ್ದರು. ಮದುವೆ ಊಟದ ಆರ್ಡರುಗಳು ಬರುತ್ತಿದ್ದುದು ಆ ಹೋಟೆಲಿನ ವೆಬ್‌ಸೈಟಿನಿಂದ. ಆದರೆ ಸೈಟು ಇದ್ದದ್ದು ಶೇಖರ್ ಹೆಸರಿನಲ್ಲಿ.

“ನೌಪಾಡಾದಲ್ಲಿ ನನ್ನ ಹೊಸ ಹೋಟೆಲ್ ನಾಳೆ ಓಪನ್ ಮಾರಾಯ್ರೆ. ಹಳೇ ಅಡ್ರೆಸ್ ಹೊಡೆದವರೆಲ್ಲ ನನ್ನ ಸೈಟಿಗೇ ಬರ್ಬೇಕು. ಅತ್ತಿಗೆ ಕೇಳಿದ್ರೆ ಸರ್ವರ್ ಕೆಟ್ಟಿದೆ ಅಂತ ಹೇಳಿ.”

ಇದಕ್ಕೆ ರೀಡೈರೆಕ್ಟ್ ಅನ್ನುತ್ತಾರೆ. ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಿರುಗಿಸಲು ಸರ್ವರಿನ ಫೈಲಿನಲ್ಲಿ ಒಂದು ಸಾಲು ಬರೆದರೆ ಸಾಕು. ಬರೆದೆ. ಸರ್ವರ್ ರೀಸ್ಟಾರ್ಟ್ ಮಾಡಿ ಹಳೆಯ ವಿಳಾಸ ತೆರೆದೆ...

ಶೇಖರ್ ಸೈಟು ಬರಲಿಲ್ಲ. ಖಾಲಿ ಬಿಳಿ ಪುಟವೊಂದು ತೆರೆಯಿತು. ಅದರ ವಿಳಾಸದ ತುದಿಯಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ಮುಟ್ಟಬೇಡ.

ಯಾರೋ ಸೈಟು ಹ್ಯಾಕ್ ಮಾಡಿದ್ದಾರೆ ಅಂದುಕೊಂಡೆ. ಫೈಲು ತೆರೆದರೆ ನನ್ನ ಸಾಲು ಬರೆದ ಹಾಗೇ ಇದೆ. ಅಂಥದ್ದೊಂದು ಪುಟ ಸರ್ವರಿನಲ್ಲೇ ಇಲ್ಲ! ಅಳಿಸಿ ಮತ್ತೆ ಬರೆದೆ. ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದೆ.

ಈ ಸಲ: ಕೈ ತೆಗಿ.

ಎಸಿ ಕೋಣೆಯಲ್ಲಿ ಹಾಲು ಸೀದ ವಾಸನೆ... ಸರ್ವರುಗಳ ಗುಂಯ್ ಸದ್ದಿನ ನಡುವೆ, ಕಾವಲಿಗೆ ಸೌಟು ಬಡಿದಂತೆ ಟಣ್... ಟಣ್... ತಿರುಗಿದೆ. ಯಾರೂ ಇಲ್ಲ. ಸದ್ದು ಮಾತ್ರ ಇನ್ನಷ್ಟು ಹತ್ತಿರ ಬಂತು, ಯಾರೋ ಸಿಟ್ಟಿನಲ್ಲಿ ಬಡಿಯುತ್ತಿರುವ ಹಾಗೆ.

ಶೇಖರ್‌ಗೆ ಫೋನ್ ಮಾಡಿದೆ. “ಸಾರ್, ಇಲ್ಲೇನೋ ಸರಿ ಇಲ್ಲ. ರೀಡೈರೆಕ್ಟ್ ಆಗ್ತಿಲ್ಲ...”

“ಎಂತ ಆಗುದಿಲ್ಲ? ನಿಮಗೆ ಬರುದಿಲ್ಲ ಅಂತ ಹೇಳಿ!” ಎಂದು ರೇಗಿದವರು ತಟ್ಟನೆ ದನಿ ತಗ್ಗಿಸಿದರು. “ನಿಮ್ಮ ಹಿಂದೆ ಯಾರು ಇರುದು?”

“ಯಾರೂ ಇಲ್ಲ ಸಾರ್.”

“ತುಳುವಲ್ಲಿ ಮಾತಾಡ್ತಾ ಇದ್ದಾರಲ್ಲ... ಅದು... ಅದು ಅಣ್ಣನ ಸ್ವರ...”

ನನಗೆ ಯಾವ ಮಾತೂ ಕೇಳುತ್ತಿರಲಿಲ್ಲ. ಟಣ್ ಸದ್ದೂ ನಿಂತುಹೋಗಿತ್ತು. ಉರಿಯುವ ಒಲೆಗೆ ಬೆನ್ನು ಹಾಕಿ ಕೂತಂತೆ ಕತ್ತಿನ ಹಿಂದೆ ಬಿಸಿ ತಾಗುತ್ತಿತ್ತು, ಅಷ್ಟೇ. ಆ ಕಡೆ ಶೇಖರ್ ತುಳುವಿನಲ್ಲಿ ಏನೇನೋ ಅಂಗಲಾಚುತ್ತಿದ್ದರು... ನನ್ನೊಡನಲ್ಲ. ಕೊನೆಗೆ ನನಗೆ, ಅಳುವ ದನಿಯಲ್ಲಿ: “ತೆಗೀರಿ... ಆ ಸಾಲು ತೆಗೀರಿ!”

ಅಳಿಸಿದೆ. ಅತ್ತಿಗೆಯ ಹೋಟೆಲಿನ ಸೈಟು ಮೊದಲಿನಂತೆ ತೆರೆಯಿತು. ಬ್ಯಾಗನ್ನೂ ಎತ್ತಿಕೊಳ್ಳದೆ ಕೆಳಗೆ ಓಡಿ, ಬೆಳಗಾಗುವವರೆಗೆ ರಸ್ತೆಯಲ್ಲೇ ನಿಂತಿದ್ದೆ.

ಶೇಖರ್ ಆ ವಾರವೇ ಸೈಟನ್ನು ಅತ್ತಿಗೆಯ ಹೆಸರಿಗೆ ಮಾಡಿಸಿದರು. ಅದಕ್ಕಾಗಿ ಆಫೀಸಿಗೆ ಬಂದಾಗ ಪಕ್ಕಕ್ಕೆ ಕರೆದು ಕೇಳಿದೆ. “ಅವತ್ತು... ಏನಂದ್ರು ನಿಮ್ಮಣ್ಣ?”

ಅವರು ನನ್ನ ಮುಖ ನೋಡಲಿಲ್ಲ. “ನನಗೆ ಬೈಲಿಲ್ಲ ಅವ. ಈ ಕೆಲಸ ಮಾಡ್ತಾ ಕೂತವ ಯಾರು, ಅವನ ಹೆಸರೆಂತ... ಅದನ್ನೇ ಕೇಳ್ತಾ ಇದ್ದ.”

“ನೀವು...?”

“ಹೇಳಿದೆ ಮಾರಾಯ್ರೆ... ಹೆದರಿ ಹೇಳಿಬಿಟ್ಟೆ.”

ಆ ಕೆಲಸ ಬಿಟ್ಟೆ, ರೂಮೂ ಬದಲಿಸಿದೆ. ಆದರೂ ಇವತ್ತಿಗೂ, ಬೆನ್ನ ಹಿಂದಿನಿಂದ ಯಾರಾದರೂ ಹೆಸರು ಹಿಡಿದು ಕರೆದರೆ ನಾನು ತಿರುಗಿ ನೋಡುವುದಿಲ್ಲ...