ದೊಡ್ಡ ಕಂಡೆನ್ಸರು

ಒಳಮನೆಯಿಂದ ಬಿಸಿ ಧೂಳಿನ ವಾಸನೆ ಬರುತ್ತಿದೆ. ಯಜಮಾನರು ಮೈಕ್ ಸೆಟ್ಟಿನ ಹಳೆಯ ಪೆಟ್ಟಿಗೆ ಹಚ್ಚಿದ್ದಾರೆ ಎಂದು ಅರ್ಥ. ಗಾಜಿನ ವಾಲ್ವುಗಳ ಆಂಪ್ಲಿಫೈಯರು ಅದು. ನಮ್ಮ ವಯಸ್ಸಿನವರ ಹಾಗೆ, ಬಿಸಿಯಾಗದೆ ಬಾಯಿ ಬಿಡುವುದಿಲ್ಲ.

ನಮ್ಮವರು ಮರಗೆಲಸದ ಆಚಾರಿ. ಆದರೆ ಬಾಗಿಲು ಕೆತ್ತಿದ್ದಕ್ಕಿಂತ ಪಾಂಡವಪುರ, ನಾಗಮಂಗಲದ ಮದುವೆಗಳಿಗೆ ಮೈಕ್ ಕಟ್ಟಿದ್ದೇ ಹೆಚ್ಚು. ಮೊಮ್ಮಗಳ ಮದುವೆ ಗೊತ್ತಾದಾಗ ಅವಳು ಡಿಜೆ ಕರೆಸುತ್ತೇನೆ ಎಂದಳು. ಇವರು ಊಟ ಬಿಟ್ಟರು. ಕೊನೆಗೆ ಹುಡುಗಿಯೇ ಸೋತು, ತಾತನ ಸೆಟ್ಟೇ ಇರಲಿ, ಆದರೆ ಅದು ಗುಂಯ್ ಅನ್ನಬಾರದು ಎಂದು ಷರತ್ತು ಹಾಕಿದಳು.

ಶ್ರೀರಂಗಪಟ್ಟಣದ ರೇಡಿಯೊ ರಿಪೇರಿ ಸಾಬರು ಪೆಟ್ಟಿಗೆ ಬಿಚ್ಚಿ, ಕರೆಂಟು ಹಿಡಿದಿಡುವ ಕಂಡೆನ್ಸರುಗಳು ಒಣಗಿವೆ, ಅದಕ್ಕೇ ಈ ಗುಂಯ್, ಅದೇ ಅಳತೆಯ ಹೊಸದು ಹಾಕಿ ಎಂದರು. ದೊಡ್ಡದು ಹಾಕಿದರೆ ಅದನ್ನು ತುಂಬಿಸಲು ಹೋಗಿ ವಾಲ್ವು ಸಾಯುತ್ತದಂತೆ. ಪುರೋಹಿತರ ಮಂತ್ರಕ್ಕೆ ನಾನು ತಲೆಯಾಡಿಸುವ ಹಾಗೆ ಇವರು ತಲೆಯಾಡಿಸಿ, ಸೀದಾ ಹೋಗಿ ಕೈತುಂಬುವಂಥದ್ದನ್ನೇ ತಂದು ತಾವೇ ಕೂರಿಸಹೊರಟರು.

ಸಾಬರು ಹೇಳಿದ್ದು ಅದಲ್ಲವಲ್ಲ ಎಂದೆ.

"ದೊಡ್ಡದಿದ್ರೆ ಕೆತ್ತಿ ಇಳಿಸ್ಬೋದು ಕಣಮ್ಮಿ. ಚಿಕ್ಕದಾದ್ರೆ ಬೆಳಸಕ್ಕಾದದಾ?"

ಮರಕ್ಕೆ ಸರಿಯಾದ ಮಾತು. ಕಂಡೆನ್ಸರಿಗೆ ಉಳಿ ಇಟ್ಟವರನ್ನು ನಾನಂತೂ ಕಂಡಿಲ್ಲ. ಆದರೆ ನಾನು ಓದಿದ್ದು ಮೂರನೇ ಕ್ಲಾಸು, ಒಲೆಯ ಕಡೆ ಹೋದೆ.

ಚಪ್ಪರದ ದಿನ ಪೆಟ್ಟಿಗೆ ಹಚ್ಚಿದರು. ಗುಂಯ್ ನಿಂತಿತ್ತು. ಇವರು ಮೀಸೆ ತಿರುವುತ್ತಾ ಬೀದಿಯವರನ್ನೆಲ್ಲ ಕರೆದರು. "ಕೇಳ್ರಪ್ಪಾ, ಏನೂ ಕೇಳಸ್ತಿಲ್ಲ." ಇಲ್ಲದ ಸದ್ದನ್ನು ಕೇಳಲು ಜನ ಕಿವಿಗೊಟ್ಟು ನಿಂತರು. ಅಷ್ಟರಲ್ಲಿ ವಾಲ್ವಿನೊಳಗೆ ನೀಲಿ ಮಿಂಚು ಹೊಡೆದು ಪೆಟ್ಟಿಗೆ ಸತ್ತೇ ಹೋಯಿತು.

"ಈಗ ಇನ್ನೂ ಕ್ಲೀನಾಗದೆ ಕಣಣ್ಣೋ" ಎಂದ ಎದುರುಮನೆಯವನು.

ಮೊಮ್ಮಗಳು ಮುಖ ತಿರುಗಿಸಿ ಒಳಗೆ ಹೋದಳು. ಲಗ್ನದ ಕಾಲ, ಕೆ.ಆರ್. ಪೇಟೆಯಲ್ಲೂ ಡಿಜೆ ಸಿಗಲಿಲ್ಲ. ಮದುವೆಯ ದಿನ ನಮ್ಮವರು ಛತ್ರದಲ್ಲಿ ಕುರ್ಚಿ ಹತ್ತಿ, ಸತ್ತ ಮೈಕನ್ನೇ ಬಾಯಿಗೆ ಹಿಡಿದು ಕೂಗತೊಡಗಿದರು. "ಪಾಲಹಳ್ಳಿಯೋರು ಊಟಕ್ಕೆ ಬರ್ಬೇಕೂ!" ಹಸೆಯ ಮೇಲಿದ್ದ ಹುಡುಗಿ ನಗು ತಡೆಯಲಾರದೆ ಬಾಸಿಂಗ ಹಿಡಿದುಕೊಂಡಳು. ಅಲ್ಲಿಗೆ ತಾತನ ಮಾನ ಉಳಿಯಿತು, ಗಂಟಲು ಹೋಯಿತು.

ಮಾತಾಡದ ಗಂಡನನ್ನು ಕೊಡಪ್ಪಾ ಎಂದು ಹರಕೆ ಹೊತ್ತಿದ್ದವಳು ನಾನು. ಕೊಟ್ಟ ಮೇಲೆ ಒಂದು ವಾರವೂ ತಡೆಯಲಾಗಲಿಲ್ಲ. ನಾನೇ ಪೆಟ್ಟಿಗೆಯನ್ನು ಸಾಬರಲ್ಲಿಗೆ ಕಳಿಸಿ, ಎಲ್ಲಿಂದಾದರೂ ವಾಲ್ವು ಹುಡುಕಿ ಹಾಕಪ್ಪಾ, ಕಂಡೆನ್ಸರು ಮಾತ್ರ ನೀನು ಹೇಳಿದ ಅಳತೆಯದೇ ಇರಲಿ ಎಂದು ಹೇಳಿಕಳಿಸಿದೆ.

ಗಂಟಲೂ ಬಂತು, ಪೆಟ್ಟಿಗೆಯೂ ಬಂತು. ಈಗ ಕಾಫಿ ಬೇಕಾದರೂ ಮೈಕಿನಲ್ಲೇ ಕೇಳುತ್ತಾರೆ. ಬೀದಿಗೆಲ್ಲ ಕೇಳಿಸುವುದರಿಂದ ಇಲ್ಲ ಅನ್ನುವ ಹಾಗೂ ಇಲ್ಲ. ಇರಿ, ಹಾಲು ಇಟ್ಟು ಬರುತ್ತೇನೆ.