ಹದಿನಾಲ್ಕು ಟಿಪ್ಪಣಿ

ಪ್ರೂಫಕ್ಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದಂತೆ ಬೀಗುವುದು ಬೇಡ. ಹನ್ನೆರಡು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿ, ಮಗಳು ಶಾಲೆಗೆ ಹೋದ ಹೊತ್ತಿನಲ್ಲಿ ಕೂತು ಕೋಡ್ ಕಲಿತು, ನಲವತ್ತು ದಾಟಿ ನಮ್ಮ ಆಫೀಸಿಗೆ ಬಂದವಳು ಅವಳು. ನಾನೋ, ಕಾಲೇಜಿನಿಂದಲೇ ಇದನ್ನೇ ಓದಿಕೊಂಡು ಬಂದವನು. ನಮ್ಮಿಬ್ಬರ ಮೇಜು ಅಕ್ಕಪಕ್ಕ, ಕೆಲಸವೂ ಒಂದೇ. ಕಂಪ್ಯೂಟರಿಗೆ ಅಡಿಪಾಯವಾದ ಕರ್ನಲ್ ಎಂಬ ಕೋಡಿಗೆ ಯಾರ್‍ಯಾರೋ ಕಳಿಸುವ ತಿದ್ದುಪಡಿಗಳನ್ನು, ಅಂದರೆ ಪ್ಯಾಚುಗಳನ್ನು, ಓದಿ ತಪ್ಪು ತೋರಿಸುವುದು.

ನಾನು ‘ಇದು ತಪ್ಪು’ ಎಂದು ಬರೆದರೆ ಜನ ಜಗಳಕ್ಕೆ ಬರುತ್ತಿದ್ದರು. ಅವಳು ‘ಇಲ್ಲಿ ಮೆಮೊರಿ ಸಿಗದೇ ಹೋದರೆ?’ ಎಂದು ಕೇಳಿದರೆ ಸಾಕು, ಬರೆದವನೇ ತಪ್ಪು ಹುಡುಕಿ ತಿದ್ದಿ ಥ್ಯಾಂಕ್ಸ್ ಹೇಳುತ್ತಿದ್ದ. ಪ್ಯಾಚ್ ವಾಪಸ್ ಕಳಿಸಿದ್ದಕ್ಕೆ ಥ್ಯಾಂಕ್ಸ್! ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ವರ್ಷ ನಮ್ಮ ವಿಭಾಗದ ಯಜಮಾನರು ನಿವೃತ್ತರಾಗುವವರಿದ್ದರು. ಯಾವ ಪ್ಯಾಚ್ ಒಳಗೆ ಹೋಗಬೇಕೆಂದು ಕೊನೆಯ ಮಾತು ಹೇಳುವ ಆ ಕುರ್ಚಿ ನನಗೋ, ಅವಳಿಗೋ? ಅಷ್ಟರಲ್ಲಿ ಅವಳೇ ಬರೆದ ಪ್ಯಾಚೊಂದು ಪರಿಶೀಲನೆಗೆ ನನ್ನ ಬಳಿ ಬಂತು.

ಮೂರನೇ ಪುಟದಲ್ಲೇ ಕಣ್ಣಿಗೆ ಬಿತ್ತು. ಮೆಮೊರಿ ಸಿಗದೆ ಅರ್ಧದಲ್ಲೇ ಹೊರಬರುವ ಕಡೆ, ಬೇರೆ ಕೆಲಸಗಳು ನಡುವೆ ನುಗ್ಗದಂತೆ ಹಾಕಿದ ಲಾಕ್ ತೆಗೆಯುವುದನ್ನು ಮರೆತಿದ್ದಳು. ಆ ದಾರಿ ಹಿಡಿದ ಯಂತ್ರ ಅಲ್ಲೇ ನಿಂತುಹೋಗುತ್ತದೆ. ಊರನ್ನೆಲ್ಲ ಕೇಳುವ ಪ್ರಶ್ನೆಯನ್ನು ಮಹಾತಾಯಿ ತನ್ನನ್ನೇ ಕೇಳಿಕೊಂಡಿರಲಿಲ್ಲ!

ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅದೊಂದನ್ನು ಬಿಟ್ಟು ಮೊಸರಿನಲ್ಲಿ ಕಲ್ಲು ಹುಡುಕುತ್ತ ಕೂತೆ. ಇಲ್ಲಿ ಜಾಗ ಹೆಚ್ಚಾಯಿತು, ಅಲ್ಲಿ ಹೆಸರು ಉದ್ದವಾಯಿತು ಎಂದು ಹದಿನಾಲ್ಕು ಟಿಪ್ಪಣಿ ಬರೆದೆ. ಅವಳು ಚಕಾರವೆತ್ತದೆ ಎಲ್ಲವನ್ನೂ ತಿದ್ದಿದಳು. ಓದಿದವರು ಹೆಸರು ಹಾಕದೆ ನಮ್ಮಲ್ಲಿ ಪ್ಯಾಚ್ ಮುಂದೆ ಹೋಗುವುದಿಲ್ಲ. ‘ಪರಿಶೀಲಿಸಿದ್ದೇನೆ’ ಎಂದು ನನ್ನ ಹೆಸರು ಹಾಕಿದೆ.

ಬೇಕೆಂದೇ ಮೆಮೊರಿ ಕೊಡದೆ ಸತಾಯಿಸುವ ಪರೀಕ್ಷೆಯೊಂದಿದೆ. ವಾರದೊಳಗೆ ಅದರಲ್ಲಿ ಯಂತ್ರಗಳೆಲ್ಲ ಕೈಕೊಟ್ಟವು. ಯಜಮಾನರು ನಮ್ಮ ಕೋಣೆಗೇ ಬಂದರು.

“ಇದನ್ನ ನೋಡಿದ್ದು ಯಾರ್ರೀ?”

“ನಾನು... ನನಗೆ ಕಾಣಲೇ ಇಲ್ಲ ಸರ್.” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು.

“ಬರ್ದಿದ್ದು ನಾನು ಸರ್, ತಪ್ಪು ನಂದೇ. ಅವ್ರನ್ನ ಯಾಕೆ ಕೇಳ್ತೀರ?” ಎಂದಳು ಪ್ರೂಫಕ್ಕ.

ಅವರು ಹೋದ ಮೇಲೆ ತನ್ನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅದರಲ್ಲಿ ನನ್ನ ಟಿಪ್ಪಣಿಗಳಿದ್ದವು. ಆಕ್ಷೇಪವಿರುವ ಸಾಲನ್ನು ಉಳಿಸಿ ಅದರ ಕೆಳಗೆ ಬರೆಯುವುದು, ಮಿಕ್ಕಿದ್ದನ್ನು ಅಳಿಸುವುದು ನಮ್ಮ ಪದ್ಧತಿ.

“ಲಾಕ್ ತೆಗೀದೆ ಹೊರಬರೋ ಸಾಲು ಎಲ್ಲಿ? ಹನ್ನೆರಡನೇ ಟಿಪ್ಪಣಿ ಅದರ ಮೇಲಿನ ಸಾಲಿಗೆ, ಹದಿಮೂರನೇದು ಕೆಳಗಿನ ಸಾಲಿಗೆ. ನಡುವಿನ ಅದೊಂದನ್ನ ಅಳಿಸಿದೀರ. ನೀವು ಯಾವತ್ತೂ ಸಾಲು ಬಿಟ್ಟು ಓದೋರಲ್ಲ.”

ಆ ಜಾಗವನ್ನು ಈಗಷ್ಟೇ ಕಾಣುವವನಂತೆ ನಾನು ಪರದೆಯತ್ತ ಬಾಗಿದೆ.

“ಕುರ್ಚಿ ನಿಮಗೇ ಕೊಡ್ಬೇಕು, ಇಷ್ಟು ಸೂಕ್ಷ್ಮವಾಗಿ ಓದೋರು ಇನ್ನೊಬ್ರಿಲ್ಲ ಅಂತ ಹೋದ ತಿಂಗಳೇ ಯಜಮಾನರಿಗೆ ಬರ್ದಿದ್ದೆ. ಈಗ ಅದನ್ನ ವಾಪಸ್ ತಗೋಬೇಕು,” ಎಂದು ನನ್ನೆದುರೇ ಮೇಲ್ ಬರೆಯತೊಡಗಿದಳು. ಎರಡು ಸಾಲಿನ ನಂತರ ಅವಳ ಕೈ ನಿಂತಿತು.

“ಕಾರಣ ಏನಂತ ಬರೀಲಿ? ನೀವೇ ಹೇಳಿ,” ಎಂದಳು.